ಬಾಣಂತಿ ಕೋಣೆಗೆ ಹೊಗೆ ಇಲ್ಲದ ಒಲೆ

ಮನೆಯಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿ ನೋಡಿ, ಬುದ್ಧಿ ಹೇಳುವವರು ಎಲ್ಲಿದ್ದರೋ ಅಲ್ಲಿಂದ ಎದ್ದು ಬರುತ್ತಾರೆ. ಕೈ ಜೋಡಿಸುವವರು ಮಾತ್ರ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದು ಯಾವಾಗಲೂ ನಡೆಯುವುದೇ. ಆದರೆ ಹೋದ ಮಾಗಿಯಲ್ಲಿ ಮಗಳ ಬಾಣಂತನಕ್ಕೆ ಒಂದು ಒಲೆ ಹುಡುಕಲು ಹೊರಟಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಪೂಜೆಗೆ ಕುಳಿತು ಕಣ್ಣು ಮುಚ್ಚಿದರೆ ಈಗಲೂ ದೇವರಿಗಿಂತ ಮೊದಲು ಆ ಒಲೆ ಕೂಡ್ರಿಸಿದ ಗೌಂಡಿಯ ಮುಖ ಕಾಣುತ್ತದೆ. ಬರೆದರಾದರೂ ಹೋದೀತು ಎಂದು ಬರೆಯುತ್ತಿದ್ದೇನೆ. ನಾನು ಊರ ಸಾಲಿಯಲ್ಲಷ್ಟೇ ಕಲಿತವನು, ನಿಧಾನವಾಗಿ ಬರೆಯುತ್ತೇನೆ, ನೀವೂ ನಿಧಾನವಾಗಿ ಓದಿ.

ನಮ್ಮದು ಯಲಬುರ್ಗಾ ಕಡೆಯ ಹಳ್ಳಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮಾಗಿಯ ಚಳಿಯಲ್ಲಿ ಬಾಣಂತಿಗೆ ಶೀತ ತಾಗಬಾರದೆಂದು ಕೋಣೆ ಕಾಯಿಸುವುದು ನಮ್ಮ ಪದ್ಧತಿ. ಬಾಣಂತಿ ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯ ತುಂಬ ಕೆಂಡ ಇಟ್ಟು, ಮೇಲೆ ಲೋಬಾನ, ಅಜವಾನ ಉದುರಿಸಿ, ಕಿಟಕಿ ಬಾಗಿಲು ಬಿಗಿಯುವುದು. ಕಾಯಿಸುವುದಕ್ಕೆ ನನ್ನ ತಕರಾರಿಲ್ಲ. ಹಿರಿಯರು ಮಾಡಿಕೊಂಡು ಬಂದದ್ದು, ಬೆಚ್ಚಗಿರುವುದು ಒಳ್ಳೆಯದೇ. ನನ್ನ ತಕರಾರು ಹೊಗೆಯ ಮೇಲೆ.

ಕೆಂಡ

ಮಗಳು ಕೊಪ್ಪಳದ ದವಾಖಾನೆಯಲ್ಲಿ ಹಡೆದು, ಗಂಡು ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ನಮ್ಮ ಮನೆಯಲ್ಲಿ ಬಾಣಂತನದ ಅಧಿಕಾರವೆಲ್ಲ ನನ್ನ ಅಕ್ಕನದು. ಅವಳು ಬಂದರೆ ನನ್ನ ಹೆಂಡತಿಯೂ ತನ್ನ ಅಡುಗೆಮನೆಯಲ್ಲಿ ಕೇಳಿ ಕೇಳಿ ಕಾಲಿಡಬೇಕು. ಅಕ್ಕ ಬಂದವಳೇ ಬಾಣಂತಿ ಕೋಣೆಯ ಕಿಟಕಿ ಸಂದಿಗೆಲ್ಲ ಹಳೆ ಅರಿವೆ ತುರುಕಿದಳು. ಗೋಡೆಯ ಬೆಳಕಿಂಡಿಗೆ ಹಾಸುಗಲ್ಲು ಅಡ್ಡ ಇಡಿಸಿದಳು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಇರುವೆ ಒಳಗೆ ಹೋಗಬೇಕೆಂದರೂ ಅಕ್ಕನ ಅಪ್ಪಣೆ ಬೇಕಾಗಿತ್ತು.

ಮರುದಿನ ಮಗಳಿಗೆ ತಲೆಶೂಲೆ, ವಾಂತಿ. ಕೂಸು ಅಳುವುದನ್ನೂ ಬಿಟ್ಟು ಮಂಕಾಗಿ ಮಲಗಿತ್ತು. ನಾನು ಹೆದರಿ ಬಾಗಿಲು ತೆರೆಯಲು ಹೋದರೆ ಅಕ್ಕ ಅಡ್ಡ ನಿಂತಳು.

"ಬಾಣಂತಿ ಅಂದ ಮ್ಯಾಲ ತಲಿ ನೋಯಂಗಿಲ್ಲೇನು? ಗಂಡಸ್ರಿಗೇನ್ ಗೊತ್ತಾಗತೈತಿ, ಸರಿ ಆಕಡೆ."

ಅದೇ ಹೊತ್ತಿಗೆ ಊರಿಗೆ ಬರುವ ನರ್ಸಮ್ಮ ಕೂಸಿನ ತೂಕ ನೋಡಲು ಬಂದಳು. ಬಾಗಿಲು ದೂಡಿ ಒಳಗೆ ಹೋದವಳು ಕೆಮ್ಮುತ್ತ, ಅಗ್ಗಿಷ್ಟಿಕೆಯನ್ನು ಅರಿವೆ ಸುತ್ತಿದ ಎರಡು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ಅದನ್ನು ಅಂಗಳದಲ್ಲಿ ಕುಕ್ಕಿ ನನ್ನ ಮೇಲೆ ಹರಿಹಾಯ್ದಳು: "ಮುಚ್ಚಿದ ಕೋಣ್ಯಾಗ ಕೆಂಡ ಇಟ್ಟೀರಲ್ರಿ, ಬುದ್ಧಿ ಐತೇನು? ಕೆಂಡದಿಂದ ಕಣ್ಣಿಗೆ ಕಾಣದ ವಿಷದ ಗಾಳಿ ಏಳತೈತಿ. ಮಲಗಿದವರು ಮಲಗಿದಂಗ ಹೋಗಿಬಿಡ್ತಾರ. ಕಾಯಿಸಬೇಕಂದ್ರ ಕೊಳವಿ ಇರೋ ಒಲಿ ತಂದು ಕಾಯಿಸ್ರಿ. ಒಲಿ ಬಾಗಿಲ ಬಿಗಿ ಇರಬೇಕು, ಹೊಗಿಯೆಲ್ಲಾ ಮಾಳಿಗಿ ಮ್ಯಾಲ ಹೋಗಬೇಕು. ಮತ್ತ ಕಿಟಕಿ ಒಂದು ಬೆರಳಷ್ಟು ತೆರದಿರಬೇಕು."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿನಗೆಷ್ಟು ಮಕ್ಕಳವ್ವಾ?"

"ನಂದು ಮದುವೀನ ಆಗಿಲ್ರಿ."

"ಹಂಗಾರ ನನಗ ಕಲಸಾಕ ಬಂದೀಯೇನು?"

ನರ್ಸಮ್ಮ ತಣ್ಣಗೆ ಅಂದಳು: "ಕಲಸಾಂಗಿಲ್ರಿ ಆಯಿ. ಈ ಕೆಂಡ ಮತ್ತ ಒಳಗಿಡ್ರಿ, ಬಾಗಿಲ ಮುಚ್ಚರಿ, ನೀವೊಬ್ರ ಒಳಗ ಕುಂಡ್ರಿ. ನಾನು ಚಾ ಕುಡದು ಬರ್ತೀನಿ."

ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನನಗ್ಯಾಕ? ನಾನೇನ್ ಹಡದೇನೇನು?"

ಕೋಟು ಹಾಕಿದ ಮನುಷ್ಯ

ಕೂಸು ಗಾಳಿಗೆ ಬಂದ ಮೇಲೆ ಕಣ್ಣು ಬಿಟ್ಟಿತು. ಆದರೆ ಮಾಗಿ ಇನ್ನೂ ಮುಂದಿತ್ತು, ಬರೀ ಕಂಬಳಿಯಲ್ಲಿ ಅದನ್ನು ಇಡುವಂತಿರಲಿಲ್ಲ. ಒಲೆ ಆಗಲೇಬೇಕಿತ್ತು. ಅದೂ ಬೇಗ.

ಅಳಿಯನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವನು ಗಂಗಾವತಿ ಕಡೆಯ ಸಿದ್ದಾಪುರದವನು, ಗದ್ದೆಯ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. "ಮಾವಾರ, ಚಿಂತಿ ಮಾಡಬ್ಯಾಡ್ರಿ, ಕಳಿಸೀನಿ" ಅಂದ. ದುಡ್ಡು ಕಳಿಸಿದನೋ, ಒಲೆ ಕಳಿಸಿದನೋ ಎಂದು ಫೋನ್ ತೆರೆದರೆ ವಿಡಿಯೋ ಕಳಿಸಿದ್ದ. ಯಾವುದೋ ಹಿಮದ ದೇಶದ ಮನುಷ್ಯ, ಮನೆ ಕಾಯಿಸುವ ಕಟ್ಟಿಗೆ ಒಲೆಯ ಪಕ್ಕ ನಿಂತು ಮಾತಾಡುತ್ತಿದ್ದ. ಮಾತು ನಮಗೆ ತಿಳಿಯದು, ಕೈಸನ್ನೆ ತಿಳಿಯಿತು. ಒಲೆಯ ಬಾಗಿಲ ಸಂದಿಯಲ್ಲಿ ಕಾಗದ ಇಟ್ಟು ಮುಚ್ಚಿ, ಎಳೆದು ತೋರಿಸಿದ, ಕೊಳವೆ ತೋರಿಸಿದ, ಎರಡು ಕಟ್ಟಿಗೆ ಒಂದಕ್ಕೊಂದು ಬಡಿದು ಟಣ್ ಅನ್ನಿಸಿ ಒಣಗಿದೆ ಎಂದು ತೋರಿಸಿದ. ಪಾಪ, ಮನುಷ್ಯ ಸರಿಯಾಗಿಯೇ ಹೇಳುತ್ತಿದ್ದ. ನರ್ಸಮ್ಮ ಹೇಳಿದ್ದೂ ಅದನ್ನೇ.

"ಇಂಥಾದ್ದ ನೋಡು ನಮಗ ಬೇಕಾಗಿದ್ದು" ಎಂದು ಹೆಂಡತಿಗೆ ತೋರಿಸಿದೆ.

ಅವಳು ಮೂಗಿಗೆ ಫೋನ್ ಹಿಡಿದು ಪೂರ್ತಿ ನೋಡಿ ತಲೆ ಆಡಿಸಿದಳು. "ಇದು ಬ್ಯಾಡ. ಕಾಯಂಗಿಲ್ಲ ಇದು."

"ನಿನಗ್ಹೆಂಗ ಗೊತ್ತು?"

"ಕಣ್ಣಿಲ್ಲೇನ್ ನಿಮಗ? ಒಲಿ ಮಗ್ಗಲಾಗ ನಿಂತಾನ, ಕೋಟು ಟೊಪ್ಪಿಗಿ ತಗದಿಲ್ಲ."

ಹೊಸ ಬಣ್ಣದ ಅಂಗಡಿ

ಗಂಗಾವತಿಗೆ ಹೋದೆ. ಅಲ್ಲಿ ಅಕ್ಕಿ ಗಿರಣಿಗಳ ಸಾಲು, ಭತ್ತದ ಹೊಟ್ಟು ಬೇಕಾದಷ್ಟು. ಅದನ್ನು ಉರಿಸುವ ಒಲೆ ಮಾರುವ ಅಂಗಡಿಗಳೂ ಇವೆ. ಒಂದು ಅಂಗಡಿಯ ಮಾಲೀಕ ನನ್ನ ಹಣೆಯ ವಿಭೂತಿ ನೋಡಿ ಕೈಮುಗಿದು ಕೂರಿಸಿದ. ಆಗಲೇ ಸಂಶಯ ಬರಬೇಕಿತ್ತು.

"ಬಾಣಂತಿ ಕೋಣಿಗೆ ಒಲಿ ಬೇಕ್ರಿ. ಹಸುಗೂಸು ಐತಿ. ಹೊಗಿ ಒಂದೆಳಿನೂ ಒಳಗ ಬರಬಾರದು" ಅಂದೆ.

ಅವನು ಒಂದು ತಗಡಿನ ಒಲೆ ತೋರಿಸಿದ. ಕೆಳಗೆ ಸಣ್ಣ ಫ್ಯಾನು, ಮೇಲೆ ಹಸಿರು ಬಣ್ಣ. ಕೊಳವೆ ಇಲ್ಲ, ಬಾಗಿಲೂ ಇಲ್ಲ.

"ಇದಕ್ಕ ಕೊಳವಿ ಎಲ್ಲೈತ್ರಿ?"

"ಹೊಗಿ ಬಂದ್ರಲ್ಲೇನ್ರಿ ಕೊಳವಿ? ಇದ್ರಾಗ ಹೊಗಿ ಅನ್ನೋದ ಇಲ್ಲ. ದೇವರ ಕೋಣ್ಯಾಗ ಇಡ್ರಿ ಯಜಮಾನ್ರ, ಊದಿನಕಡ್ಡಿ ಹೊಗಿನಾರ ಬಂದೀತು, ಇದರದು ಬರಂಗಿಲ್ಲ."

"ಹಂಗಾರ ಒಂದ್ಸಲ ಹಚ್ಚಿ ತೋರಸ್ರಿ."

ಮಾಲೀಕನ ನಗು ಕಡಿಮೆಯಾಯಿತು. "ಹೊರಗ ರಸ್ತೇದಾಗ ಹಚ್ಚಿ ತೋರಸ್ತೀನಿ ಬರ್ರಿ."

"ಬ್ಯಾಡ್ರಿ, ಇಲ್ಲೇ ಹಚ್ಚರಿ. ನಮ್ಮ ಕೋಣಿ ಇಷ್ಟ ಐತಿ."

"ಇಲ್ಲಿ ಹೆಂಗ್ರಿ ಆಗತೈತಿ? ಮೊನ್ನೆ ಅಷ್ಟ ಗ್ವಾಡಿಗೆ ಬಣ್ಣ ಹಚ್ಚಿಸೀನಿ."

ನಾನು ಎದ್ದು ನಿಂತೆ. ದನಿ ಏರಬಾರದೆಂದು ಎಷ್ಟು ಹಿಡಿದರೂ ಏರಿತು. "ನಿನ್ನ ಗ್ವಾಡಿ ಕರ್ರಗಾಗತೈತಿ, ನನ್ನ ಮೊಮ್ಮಗನ ಎದಿ ಕರ್ರಗಾಗಂಗಿಲ್ಲೇನು?"

ಅವನಿಗೆ ನಾಚಿಕೆ ಆದೀತು ಎಂದುಕೊಂಡಿದ್ದೆ. ಅವನು ಗಲ್ಲ ಕೆರೆದುಕೊಂಡು ಒಂದು ಗಳಿಗೆ ವಿಚಾರ ಮಾಡಿ ಅಂದ: "ಯಜಮಾನ್ರ, ಕೂಸಿಗೆ ಯಾರೂ ಗಿರಾಕಿ ಬರಂಗಿಲ್ಲಲ್ರಿ. ಅಂಗಡಿಗೆ ಬರ್ತಾರ."

ಕೆಂಪು ಬಲ್ಬು

ಅಲ್ಲಿಂದ ಸಿಟ್ಟಿನಲ್ಲಿ ಬಸ್ ಸ್ಟ್ಯಾಂಡಿಗೆ ಬರುವಾಗ ಚಹಾದಂಗಡಿಯವನೊಬ್ಬ ನನ್ನ ಗೊಣಗಾಟ ಕೇಳಿ ಹೇಳಿದ. ಆನೆಗೊಂದಿ ಕಡೆ ಬಂಡೆಗಲ್ಲಿನ ಗುಡ್ಡದ ಬುಡದಲ್ಲಿ ಪ್ರವಾಸಿಗರಿಗೆಂದು ಕಟ್ಟಿದ ವಸತಿಗೃಹವೊಂದು ಮುಚ್ಚಿದೆ, ಸಾಮಾನು ಮಾರುತ್ತಿದ್ದಾರೆ, ಅಲ್ಲಿ ಎರಕದ ಕಬ್ಬಿಣದ ಒಲೆಯೊಂದಿದೆ ಎಂದು.

ಹೋಗಿ ನೋಡಿದೆ. ಮಾಲೀಕ ಬಾಳೆತೋಟದ ನಡುವೆ ಕುರ್ಚಿ, ಮಂಚ, ಛತ್ರಿ ಎಲ್ಲ ಹರವಿಕೊಂಡು ಕುಳಿತಿದ್ದ. ಮೂಲೆಯಲ್ಲಿ ಒಲೆ. ಹೊರಲು ಇಬ್ಬರು ಬೇಕು, ಅಷ್ಟು ಗಟ್ಟಿ. ಮುಂದೆ ಗಾಜಿನ ಬಾಗಿಲು, ಹಿಂದೆ ಕೊಳವೆ ಕೂರಿಸುವ ಬಾಯಿ. ವಿಡಿಯೋದ ಮನುಷ್ಯ ಮಾಡಿದ ಹಾಗೆ ನಾನೂ ಬಾಗಿಲ ಸಂದಿಯಲ್ಲಿ ಒಂದು ಕಾಗದ ಇಟ್ಟು, ಮುಚ್ಚಿ, ಎಳೆದು ನೋಡಿದೆ. ಕಾಗದ ಹರಿಯಿತೇ ಹೊರತು ಜಾರಲಿಲ್ಲ. ಬಾಗಿಲು ಅಷ್ಟು ಬಿಗಿ. ಒಳಗೆ ಬೆರಳಾಡಿಸಿದೆ, ಬೂದಿ ಇಲ್ಲ, ಮಸಿ ಇಲ್ಲ. ಮದುವೆಯಲ್ಲಿ ಕೊಟ್ಟ ಬೆಳ್ಳಿ ಬಟ್ಟಲಿನ ಹಾಗಿತ್ತು.

"ಬಾಗಿಲಕ್ಕ ಗಾಜು ಯಾಕ್ರಿ?"

"ಬೆಂಕಿ ನೋಡಾಕ್ರಿ. ಜನ ಇದರ ಮುಂದ ಆರಾಮ ಕುಂತು ಬೆಂಕಿ ನೋಡತಾರ. ಅದಕ್ಕ ರೊಕ್ಕ ಕೊಡತಾರ."

ನನಗೆ ಮತ್ತೆ ಸಿಟ್ಟು ಬಂತು. "ನನ್ನ ಹೆಂಡ್ತಿ ಮದುವಿ ಆದಾಗಿಂದ ಬೆಂಕಿ ಮುಂದ ಕುಂತಾಳ. ಕಣ್ಣಾಗ ನೀರು ಬರೋತನಕ ನೋಡ್ಯಾಳ. ಆಕಿಗೆ ಯಾರೂ ಒಂದು ಪೈಸಾ ಕೊಟ್ಟಿಲ್ಲ."

ಮಾಲೀಕ ಒಳ್ಳೆಯವನು, ನಕ್ಕುಬಿಟ್ಟ. ರೇಟು ಮಾತಾಡಿ ಮುಗಿಸಿದೆವು. ಸರಕಿನ ಆಟೋಕ್ಕೆ ಏರಿಸುವಾಗ ಕೇಳಿದೆ: "ಇಷ್ಟು ದಿನ ಉರಿಸಿದ ಒಲಿ, ಒಳಗ ಒಂಚೂರೂ ಮಸಿ ಇಲ್ಲಲ್ರಿ. ಏನ್ ಹಾಕಿ ತಿಕ್ಕತಿದ್ರಿ?"

"ಉರಿಸಿದ್ರಲ್ಲೇನ್ರಿ ತಿಕ್ಕೋದು? ನಮ್ಮ ಬಿಸಲಾಗ ಇದನ್ನ ಉರಿಸಿದ್ರ ಬಂದವರು ಹೊಳಿಗೆ ಹಾರಿಬಿಡ್ತಾರ. ಒಳಗ ಕೆಂಪು ಬಲ್ಬು ಹಾಕಿ, ಕೆಂಪು ಅರಿವಿ ಚೂರು ಕಟ್ಟಿ, ಸಣ್ಣ ಫ್ಯಾನು ಇಟ್ಟಿದ್ವಿ, ಉರಿ ಆಡಿದಂಗ ಕಾಣತಿತ್ತು. ಒಬ್ರು ಮುಂದ ಕುಂತು, ಭಾಳ ಬೆಚ್ಚಗಾತು ನೋಡ್ರಿ ಅಂತ ಅಂಗಿ ಬಿಚ್ಚಿದ್ರು."

ಗೌಂಡಿಯ ಕೈಚಳಕ

ಒಲೆ ಬಂತು. ಕೂಡ್ರಿಸುವುದು ಬಾಕಿ. ಗೋಡೆ ಕಟ್ಟುವ ಊರ ಗೌಂಡಿಯನ್ನು ಕರೆಸಿದೆ. ಅವನು ಮನುಷ್ಯ ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಆ ದಿನದವರೆಗೆ.

ಅವನಿಗೆ ಬಿಡಿಸಿ ಹೇಳಿದೆ. ಒಲೆ ಗೋಡೆಯಿಂದ ಒಂದು ಮೊಳ ದೂರ ಇರಲಿ, ಹೊರಸಿನಿಂದ ಇನ್ನೂ ದೂರ ಇರಲಿ. ಕೆಳಗೆ ಹಾಸುಗಲ್ಲು ಬರಲಿ. ಕೊಳವೆ ನೆಟ್ಟಗೆ ಕೋಣೆಯ ಮೇಲಿನ ಅಟ್ಟವನ್ನೂ ಮಾಳಿಗೆಯನ್ನೂ ದಾಟಿ ಮನುಷ್ಯನೆತ್ತರ ಮೇಲೆ ಹೋಗಲಿ. ಮಾಳಿಗೆಯ ಜಂತಿಗೆ ಕೊಳವೆ ತಾಗಬಾರದು, ನಡುವೆ ತಗಡು, ಮಣ್ಣು ಇರಲಿ. "ಹೊಗಿ ಕಾಣಬಾರದು ನೋಡಪಾ" ಎಂದು ಕಡೆಗೆ ಒತ್ತಿ ಹೇಳಿದೆ.

"ಆತ್ರಿ ಗೌಡ್ರ" ಎಂದ. ನಾನು ಗೌಡನಲ್ಲ. ಕೆಲಸ ಕೆಡಿಸುವ ಮೊದಲು ಅವನು ಎಲ್ಲರಿಗೂ ಹಾಗೆ ಅನ್ನುತ್ತಾನೆ ಎಂದು ಆಮೇಲೆ ತಿಳಿಯಿತು.

ಸಂಜೆಗೆ ಕೆಲಸ ಮುಗಿದಿತ್ತು. ದೇವರ ಮುಂದೆ ಕಾಯಿ ಒಡೆದು, ಒಣಗಿದ ಜಾಲಿ ಕಟ್ಟಿಗೆ ಹಾಕಿ ಉರಿ ಹಚ್ಚಿದೆ. ಗಾಜಿನಲ್ಲಿ ಬೆಂಕಿ ದೀಪದ ಹಾಗೆ ಕಂಡಿತು. ಕೋಣೆಯಲ್ಲಿ ಒಂದೆಳೆ ಹೊಗೆ ಇಲ್ಲ. ಹೊರಗೆ ಬಂದು ಮಾಳಿಗೆ ನೋಡಿದೆ, ಅಲ್ಲಿಯೂ ಇಲ್ಲ! ಶಿವನೇ, ಎಂಥ ಒಲೆ ಕೊಟ್ಟೆ ಎಂದು ಕೈಮುಗಿಯುವಷ್ಟರಲ್ಲಿ ಅಟ್ಟದಿಂದ ಹೆಂಡತಿಯ ಕೂಗು ಕೇಳಿತು. ಅಡುಗೆಗೆ ಉಳ್ಳಾಗಡ್ಡಿ ತರಲು ಏಣಿ ಹತ್ತಿದ್ದಳು. ಅಟ್ಟದ ತುಂಬ ಹೊಗೆ. ಮೆಣಸಿನಕಾಯಿ ಚೀಲದ ಪಕ್ಕದಲ್ಲಿ ಕೊಳವೆಯ ಬಾಯಿ.

ಮೊದಲು ಮಗಳನ್ನೂ ಕೂಸನ್ನೂ ಅಂಗಳಕ್ಕೆ ಕಳಿಸಿ, ಒಲೆಯ ಕಟ್ಟಿಗೆ ಹೊರಗೆಳೆದು ನೀರು ಹೊಯ್ದೆ. ಆಮೇಲೆ ಗೌಂಡಿಯ ಮನೆಗೆ ಹೋದೆ. ಅವನು ಊಟಕ್ಕೆ ಕುಳಿತಿದ್ದ. ಊಟದ ಮುಂದೆ ಕುಳಿತವನ ಮೇಲೆ ಕೂಗಾಡುವುದು ಪಾಪ. ಅದಕ್ಕೆ ಅವನು ಕೈ ತೊಳೆಯುವವರೆಗೆ ಹೊಸ್ತಿಲಲ್ಲಿ ನಿಂತುಕೊಂಡಿದ್ದೆ. ಅವನೂ ನನ್ನ ಮುಖ ನೋಡಿ ಎರಡು ಸಲ ಹೆಚ್ಚಿಗೆ ಸಾರು ಹಾಕಿಸಿಕೊಂಡ.

"ಕೊಳವಿ ಅಟ್ಟದಾಗ ಯಾಕ ಬಿಟ್ಟಿ?" ಎಂದು ಕೇಳಿದೆ. ಕೇಳಿದೆ ಅನ್ನುವುದು ಬರವಣಿಗೆಯ ಮಾತು. ಓಣಿಯೆಲ್ಲ ಹೊರಗೆ ಬಂದಿತ್ತು.

"ಮಾಳಿಗಿ ತೂತು ಹೊಡದ್ರ ಮಳಿಗಾಲಕ್ಕ ಸೋರತೈತ್ರಿ" ಅಂದ ಅವನು, ಬಾಯಿ ಒರೆಸಿಕೊಳ್ಳುತ್ತ. "ಮತ್ತ ನೀವ ಹೇಳಿದ್ರಿ, ಹೊಗಿ ಕಾಣಬಾರದು ಅಂತ. ಕಾಣತೈತೇನ್ರಿ?"

ಮರುದಿನ ನಾನೇ ಮಾಳಿಗೆ ಹತ್ತಿ, ಎದುರು ನಿಂತು, ತೂತು ಹೊಡೆಸಿ, ಕೊಳವೆ ಮೇಲಕ್ಕೆ ಬಿಡಿಸಿದೆ. ಸೋರಿದರೆ ಸೋರಲಿ. ಸೋರಿದ ನೀರಿನ ಕೆಳಗೆ ಪಾತ್ರೆ ಇಡಬಹುದು.

ಮೂಸುವ ದಿನ

ಒಲೆ ಚೆನ್ನಾಗಿ ಉರಿಯಿತು. ಕೋಣೆ ಹದವಾಗಿ ಬೆಚ್ಚಗಾಯಿತು. ಮಗಳ ತಲೆಶೂಲೆ ಹೋಯಿತು, ಕೂಸು ಕೈಕಾಲು ಬಡಿದು ಓಣಿಗೆ ಕೇಳುವಂತೆ ಅಳತೊಡಗಿತು. ಅಕ್ಕ ಮಾತ್ರ ಒಲೆಗೆ ಬೆನ್ನು ಮಾಡಿಯೇ ಕೂಡುತ್ತಿದ್ದಳು. ಸಿಟ್ಟಿಗೆ ಎಂದು ನಾನು ತಿಳಿದಿದ್ದೆ. ಬೆನ್ನು ಕಾಯಲೆಂದು ಹಾಗೆ ಕೂಡುತ್ತಾಳೆ ಎನ್ನುವುದು ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಸಿದ್ದಾಪುರದಿಂದ ಬೀಗತಿ, ಎಂದರೆ ಮಗಳ ಅತ್ತೆ, ಕೂಸನ್ನು ನೋಡಲು ಬರುತ್ತೇನೆಂದು ಹೇಳಿ ಕಳಿಸಿದಳು. ಮನೆಯಲ್ಲಿ ಗಾಬರಿ ಎದ್ದಿತು. ಏಕೆಂದರೆ ನಮ್ಮ ಕಡೆ ಹಿರಿಯ ಹೆಂಗಸರು ಬಾಣಂತಿಯನ್ನು ನೋಡುವುದಿಲ್ಲ, ಮೂಸುತ್ತಾರೆ. ಸೊಸೆಯ ಹೆಗಲಿಗೆ ಮೂಗು ಹಚ್ಚಿ ಹೊಗೆ, ಲೋಬಾನದ ವಾಸನೆ ಬಂದರೆ ತವರಿನವರು ಬಾಣಂತನ ಮಾಡಿದ್ದಾರೆ ಎಂದು ಲೆಕ್ಕ. ಬರದಿದ್ದರೆ ಮಗಳು ಬದುಕಿರುವವರೆಗೆ ಆ ಮಾತು ಕೇಳಬೇಕು.

"ಒಂದಿನ ಕೆಂಡ ಇಟ್ರ ಏನಾಗತೈತಿ? ಆಕಿ ಬಂದು ಹೋಗೋತನಕ" ಎಂದು ಹೆಂಡತಿ ಹೆದರುತ್ತ ಕೇಳಿದಳು.

"ನನ್ನ ಹೆಣದ ಮ್ಯಾಲ ಇಡ್ರಿ" ಅಂದೆ. ಅಂದು, ಬಾಣಂತಿ ಮನೆಯಲ್ಲಿ ಆಡಬಾರದ ಮಾತು ಆಡಿದೆನಲ್ಲ ಎಂದು ಬಾಯಿಗೆ ಬಡಿದುಕೊಂಡೆ.

ಅಕ್ಕ ಎದ್ದಳು. ಅವಳು ಕೆಂಡದ ಪರವೇ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ನನ್ನನ್ನು ಸರಿಸಿ, ಮಗಳ ಹಸಿರು ಸೀರೆ, ಕುಬಸ, ಕೂಸಿನ ಕುಂಚಿಗೆ ಮೂರನ್ನೂ ಎತ್ತಿಕೊಂಡು ಅಂಗಳಕ್ಕೆ ಹೋದಳು. ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿ, ಮುಷ್ಟಿ ತುಂಬ ಲೋಬಾನ ಹಾಕಿ, ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಸೀರೆ ಹೊದಿಸಿದಳು. ಹೊಗೆಯಲ್ಲಿ ಸೀರೆ ಮಧ್ಯಾಹ್ನದವರೆಗೆ ಕುಳಿತಿತ್ತು. ಮಗಳು ಒಳಗೆ ಬೆಚ್ಚಗೆ ನಿದ್ದೆ ಹೊಡೆಯುತ್ತಿದ್ದಳು.

"ನನ್ನ ಬಾಣಂತನಕ್ಕ ಯಾವಾಕಿ ಹೆಸರಿಡತಾಳೋ ನೋಡತೀನಿ" ಎಂದು ಅಕ್ಕ ಬುಟ್ಟಿಯ ಪಕ್ಕ ಕಾವಲು ಕುಳಿತಿದ್ದಳು.

ಸೀರೆ ಝಾಡಿಸಿ, ಗಾಳಿಗೆ ಹಿಡಿದು, ಉಡಿಸುವಷ್ಟರಲ್ಲಿ ಬೀಗತಿ ಬಂದಳು. ಕೈಕಾಲಿಗೆ ನೀರು ಕೊಟ್ಟೆವು. ನೇರ ಕೋಣೆಗೆ ಹೋದವಳೇ, ಒಲೆಯ ಕಡೆ ತಿರುಗಿಯೂ ನೋಡದೆ, ಸೊಸೆಯ ಹೆಗಲಿಗೆ ಮೂಗು ಹಚ್ಚಿದಳು. ಕಣ್ಣು ಮುಚ್ಚಿ ಉಸಿರೆಳೆದಳು. ನಾವೆಲ್ಲ ಉಸಿರು ಬಿಡಲಿಲ್ಲ.

"ಹಾಂ! ಬಾಣಂತನ ಅಂದ್ರ ಇದು!" ಅಂದಳು. "ಈಗಿನವರು ಏನೇನೋ ಒಲಿ ತರತಾರಂತ. ಹೊಗಿ ಕುಡೀದ ಬಾಣಂತಿ ಬಾಣಂತಿನೇನ್ರಿ?"

ಅಕ್ಕ ನನ್ನ ಕಡೆ ನೋಡಿದಳು. "ಹೌದ್ರಿ ಯವ್ವಾ. ನಮ್ಮ ತಮ್ಮಗ ಅದನ್ನ ಎಷ್ಟು ಹೇಳಿದ್ರೂ ತಿಳಿಯಂಗಿಲ್ಲ."

ತೊಟ್ಟಿಲ ಜೊತೆಗೆ

ಬಾಣಂತನ ಮುಗಿದು, ಬಿಸಿಲು ಏರಿ, ಮಗಳನ್ನು ಕಳಿಸುವ ದಿನ ಬಂತು. ಕರೆದೊಯ್ಯಲು ಬೀಗತಿಯೇ ಬಂದಿದ್ದಳು. ತವರಿನಿಂದ ಕೊಡುವ ತೊಟ್ಟಿಲು, ಹಾಸಿಗೆ, ಕೊಬ್ಬರಿ ಖಾರದ ಡಬ್ಬಿ ಎಲ್ಲ ಗಾಡಿಗೆ ಏರಿದವು. ಕೂಸು ಗುಂಡಗೆ, ಗಟ್ಟಿಗೆ ಇತ್ತು. ದೇವರ ಮುಂದೆ ಮಲಗಿಸಿ ವಿಭೂತಿ ಹಚ್ಚಿದೆ. ನನ್ನ ಸಿಟ್ಟೆಲ್ಲ ಇಳಿದು, ಕಣ್ಣು ತುಂಬಿ ಬಂದಿತ್ತು.

ಆಗ ಬೀಗತಿ ಬಾಣಂತಿ ಕೋಣೆಯ ಕಡೆ ಬೆರಳು ತೋರಿಸಿದಳು. "ಅಣ್ಣಾರ, ಆ ಕಬ್ಬಿಣದ ಒಲಿನೂ ತೊಟ್ಟಿಲ ಜೋಡಿ ಇಡಸ್ರಿ."

"ಈ ಉರಿ ಬಿಸಲಾಗ ಒಲಿ ಯಾಕ್ರಿ?"

"ಈಗಲ್ರಿ. ಮುಂದಿನ ಮಾಗ್ಯಾಗ ನನ್ನ ಮಗಳು ಹಡಿಯಾಕ ತವರಿಗೆ ಬರ್ತಾಳ." ಬೀಗತಿ ಸೆರಗಿನಿಂದ ಕಣ್ಣಂಚು ಒತ್ತಿಕೊಂಡಳು. "ಪಾಪ, ಆಕಿಗೆ ಹೊಗಿ ಆಗಿ ಬರಂಗಿಲ್ರಿ. ಭಾಳ ನಾಜೂಕ ಹುಡುಗಿ."

ಇಳಿದ ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು. ಸೊಸೆಗೆ ಹೊಗೆ, ಮಗಳಿಗೆ ಒಲೆ! ನಾನು ಬಾಯಿ ತೆರೆದೆ. ಹೆಂಡತಿ ಹಿಂದಿನಿಂದ ನನ್ನ ಟವೆಲ್ ಹಿಡಿದು ಜಗ್ಗಿದಳು. ಮಗಳು ಅವರ ಮನೆಯಲ್ಲಿ ಬಾಳಬೇಕು. ಬಾಯಿ ಮುಚ್ಚಿದೆ.

ಅಕ್ಕ ಮುಚ್ಚಲಿಲ್ಲ. ನಿಧಾನಕ್ಕೆ ಬಾಯಲ್ಲಿದ್ದ ಎಲೆಯಡಿಕೆ ಒಂದು ಕಡೆ ಸರಿಸಿಕೊಂಡು ಕೇಳಿದಳು: "ಒಯ್ಯಾಕ ಅಡ್ಡಿಯಿಲ್ರಿ ಯವ್ವಾ. ಆದ್ರ ಆ ಒಲಿ ಮುಂದ ಮಲಗಿದ ಬಾಣಂತಿ ಮೈಗೆ ಒಂಚೂರೂ ವಾಸನಿ ಬರಂಗಿಲ್ಲ. ನಿಮ್ಮ ಮಗಳ ಅತ್ತಿ ಮೂಸಾಕ ಬಂದ್ರ ಏನ್ ಮಾಡ್ತೀರಿ?"

ಬೀಗತಿ ಆ ಕಡೆ ಈ ಕಡೆ ನೋಡಿದಳು. ಅಳಿಯ ಗಾಡಿಗೆ ಹಗ್ಗ ಬಿಗಿಯುತ್ತಿದ್ದ, ಅವನಿಗೆ ಕೇಳುವಂತಿರಲಿಲ್ಲ. ಅಕ್ಕನ ಕಿವಿಯ ಹತ್ತಿರ ಬಗ್ಗಿ, ಆದರೆ ನನಗೂ ಕೇಳುವಷ್ಟು ದೊಡ್ಡದಾಗಿ ಅಂದಳು:

"ಬುಟ್ಟಿ ಬೋರಲ ಹಾಕಿ ಸೀರಿಗೆ ಹೊಗಿ ಕುಡಿಸಿದ್ರ ಆತಲ್ರಿ, ನೀವು ಕುಡಿಸಿದಂಗ. ನಮ್ಮವ್ವನೂ ನನಗ ಹಂಗ ಮಾಡಿದ್ಲು."